ಯಾವ ಲೋಟದಲ್ಲಿ ಕೊಡಲಿ?

ಕಳೆದ ತಿಂಗಳು ಇಟ್ಟಮಡುವಿನ ನಮ್ಮ ಬಿಲ್ಡಿಂಗಿನ ತಾರಸಿ ಮೇಲೆ ಒಂದು ಸಿನಿಮಾ ಇಟ್ಕೊಂಡಿದ್ವಿ. ಗೆಳೆಯನ ಪ್ರೊಜೆಕ್ಟರು, ನಮ್ಮನೆ ಬಿಳಿ ಬೆಡ್‌ಶೀಟು, ಇಪ್ಪತ್ತು ಜನ, ಪೇಪರ್ ಕಪ್ಪಿನಲ್ಲಿ ಟೀ. ನೋಡಿದ್ದು ನಾಗರಾಜ ಮಂಜುಳೆಯವರ 2013ರ ಮರಾಠಿ ಚಿತ್ರ 'ಫಂಡ್ರಿ'.

ಕೆಳಜಾತಿಯ ಹುಡುಗ ಜಬ್ಯಾನಿಗೆ ಅದೇ ಕ್ಲಾಸಿನ ಹುಡುಗಿ ಮೇಲೆ ಮನಸ್ಸು. ಕೊನೆಗೆ ಅವಳ ಕಣ್ಣೆದುರೇ, ಊರೆಲ್ಲ ನಗುತ್ತಿರುವಾಗ, ಅವನು ಅಪ್ಪನ ಜೊತೆ ಹಂದಿ ಹಿಡಿಯಬೇಕಾಗುತ್ತದೆ. ಹಂದಿ ಹೊತ್ತು ಸಾಗುವ ದಾರಿಯಲ್ಲಿ, ಶಾಲೆಯ ಗೋಡೆ ಮೇಲೆ ಅಂಬೇಡ್ಕರ್ ಚಿತ್ರ. ಕಟ್ಟಕಡೆಗೆ ಸಿಟ್ಟಿನಿಂದ ಅವನು ಬೀಸಿದ ಕಲ್ಲು ನೇರ ಕ್ಯಾಮೆರಾ ಕಡೆಗೆ, ಅಂದ್ರೆ ನೋಡ್ತಾ ಕೂತ ನಮ್ಮ ಕಡೆಗೇ ಬರುತ್ತದೆ.

ರಾತ್ರಿ ಹನ್ನೊಂದರವರೆಗೂ ಚರ್ಚೆ. ನಾನೂ ಮಾತಾಡಿದೆ. ಬಿ.ವಿ. ಕಾರಂತರು 1975ರಲ್ಲೇ 'ಚೋಮನ ದುಡಿ' ಮಾಡಿದ್ದು, ಸ್ವಂತದ್ದೊಂದು ತುಂಡು ಭೂಮಿ ಉಳಬೇಕೆನ್ನುವ ಚೋಮನ ಆಸೆ, ಎಲ್ಲಾ ಹೇಳಿದೆ. ಚಪ್ಪಾಳೆ ಬಿತ್ತು. ನೆಮ್ಮದಿಯಾಗಿ ನಿದ್ದೆ ಬಂತು.

ಬೆಳಿಗ್ಗೆ ಆರೂವರೆಗೆ ಗೇಟ್ ತೆಗೆದರೆ ನಮ್ಮ ಟೀ ಕಪ್ಪುಗಳು ಗಾಳಿಗೆ ಹಾರಿ ರಸ್ತೆ ತುಂಬ ಬಿದ್ದಿದ್ದವು. ಪೌರಕಾರ್ಮಿಕ ಹೆಂಗಸೊಬ್ಬರು ಗುಡಿಸುತ್ತಿದ್ದರು.

"ಅಕ್ಕಾ, ಬಿಡಿ, ನಾನೇ ಎತ್ತುತೀನಿ."

"ಇರ್ಲಿ ಬಿಡಿ ಸಾರ್. ಒಂಚೂರು ನೀರಿದ್ರೆ ಕೊಡಿ."

ಒಳಗೆ ಹೋದೆ. ಸ್ಟ್ಯಾಂಡಿನಲ್ಲಿ ಆರು ಸ್ಟೀಲ್ ಲೋಟ ಇದ್ದವು. ನನ್ನ ಕೈ ಅವನ್ನು ದಾಟಿ, ಎಸೆಯೋಕೆ ಅಂತ ಇಟ್ಟಿದ್ದ ಹಳೇ ಪ್ಲಾಸ್ಟಿಕ್ ಬಾಟಲಿಗೆ ಹೋಯಿತು. ತುಂಬಿಸಿಕೊಂಡು ಹೊರಗೆ ಬಂದರೆ ಅವರು ತಮ್ಮದೇ ಬಾಟಲಿಯ ಮುಚ್ಚಳ ತೆಗೆದು ಹಿಡಿದು ನಿಂತಿದ್ದರು. "ಇದ್ರೊಳಕ್ಕೆ ಹಾಕ್ಬಿಡಿ ಸಾರ್." ಅವರು ನನ್ನ ಅಡುಗೆಮನೆ ನೋಡಿರಲಿಲ್ಲ. ಆದರೆ ಇಂಥ ಎಷ್ಟೋ ಮನೆ ನೋಡಿದ್ದರು.

ಸ್ವಚ್ಛತೆ ದೃಷ್ಟಿಯಿಂದ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹಿಂದಿನ ವಾರ ವೈಫೈ ಸರಿಮಾಡಲು ಬಂದ ಹುಡುಗ ಬೆವರಿಳಿಸುತ್ತಾ ನೀರು ಕೇಳಿದಾಗ ಸ್ಟೀಲ್ ಲೋಟದಲ್ಲೇ ಕೊಟ್ಟಿದ್ದೆ. ಆಗ ಸ್ವಚ್ಛತೆ ನೆನಪಾಗಿರಲಿಲ್ಲ.

ತಿಪಟೂರು ಕಡೆಯ ನಮ್ಮೂರಲ್ಲಿ, ತೋಟದ ಮನೆಯ ಹಿಂದಿನ ಗೂಡಿನಲ್ಲಿ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಕಾಯಿ ಕೆಡವಲು ಬರುತ್ತಿದ್ದ ಮುದುಕರಿಗೆ ನೀರು, ಮಜ್ಜಿಗೆ ಎಲ್ಲ ಅದರಲ್ಲೇ. ಅಜ್ಜಿ ಮೇಲಿಂದ ಹೊಯ್ಯುತ್ತಿದ್ದಳು. ಎಪ್ಪತ್ತು ದಾಟಿದ್ದ ಅವರನ್ನು ಹತ್ತು ವರ್ಷದ ನಾನು "ಏ, ಬಾರೋ" ಅಂತಲೇ ಕರೆಯುತ್ತಿದ್ದೆ. ಅವರು "ಏನ್ ಬುದ್ಧಿ" ಅನ್ನುತ್ತಿದ್ದರು. ಅವರು ಕೆಡವಿದ ಕಾಯಿ ಮಾರಿಯೇ ನನ್ನ ಬಿಇ ಫೀಸು ಕಟ್ಟಿದ್ದು. ಊರು ಬಿಟ್ಟ ಮೇಲೆ ಇದೆಲ್ಲ ಅಳಿಸಿಹೋಯ್ತು ಅಂದುಕೊಂಡಿದ್ದೆ. ಮೇಲೆ ಹೊಸ ಸ್ಕ್ರೀನು ಬಂದಿತ್ತು ಅಷ್ಟೇ, ಕೆಳಗೆ ಓಡ್ತಿದ್ದದ್ದು ಹಳೇ ಕೋಡೇ.

ಹಾಗಾದ್ರೆ ಇಂಥ ಸಿನಿಮಾ, ಚರ್ಚೆಗಳಿಂದ ಏನು ಪ್ರಯೋಜನ? ಜಬ್ಯಾನಿಗಾಗಿ ಕಣ್ಣೀರು ಹಾಕೋದು ಸುಲಭ. ಅವನು ನಮ್ಮ ಬಾಗಿಲಿಗೆ ಬಂದು ನೀರು ಕೇಳಲ್ಲ, ಸಂಬಳ ಕೇಳಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಹೂಡಿದಾಗ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಚರ್ಚೆಯಾಗಿದ್ದು ಕಸ ಯಾವಾಗ ಎತ್ತುತ್ತಾರೆ ಅನ್ನೋದು ಮಾತ್ರ. ನಾನೂ ಅದನ್ನೇ ಕೇಳಿದ್ದೆ.

ಆದರೂ ಒಂದು ಮಾತು ಒಪ್ಪಲೇಬೇಕು. ಹಿಂದಿನ ರಾತ್ರಿ ಆ ಕಲ್ಲು ನೋಡದೇ ಇದ್ದಿದ್ರೆ, ನನ್ನ ಕೈ ಲೋಟ ದಾಟಿ ಹೋಗಿದ್ದು ನನಗೆ ಕಾಣುತ್ತಲೇ ಇರಲಿಲ್ಲ. ಸಿನಿಮಾ ನಮ್ಮನ್ನು ಒಳ್ಳೆಯವರನ್ನಾಗಿ ಮಾಡಲ್ಲ. 'ನಂಗೊತ್ತಿರಲಿಲ್ಲ' ಅನ್ನೋ ನೆಪ ಕಿತ್ತುಕೊಳ್ಳುತ್ತೆ. ಮುಂದಿನದು ನಮ್ಮ ಪಾಡು.

ಮಾರನೇ ದಿನ ಸ್ಟೀಲ್ ಲೋಟದಲ್ಲೇ ನೀರು ಕೊಟ್ಟೆ. ಅವರು ಎರಡು ಸಲ ಬೇಡ ಅಂದರು. ಆಮೇಲೆ ತುಟಿಗೆ ತಾಗಿಸದೆ ಎತ್ತಿ ಕುಡಿದು, ಹೊರಗಿನ ನಲ್ಲಿಯಲ್ಲಿ ತಾವೇ ತೊಳೆದು, ಕಾಂಪೌಂಡಿನ ಮೇಲೆ ಬೋರಲು ಹಾಕಿ ಹೋದರು. ಒಂದು ಲೋಟ ನೀರಿನಿಂದ ಮುಗಿಯೋ ಲೆಕ್ಕ ಇದಲ್ಲ ಅಂತ ಆಗ ಅರ್ಥವಾಯಿತು.

ಯುಗಾದಿಗೆ ಊರಿಗೆ ಹೋಗಬೇಕು. ಗೂಡಿನಲ್ಲಿ ಆ ಚಿಪ್ಪು ಇನ್ನೂ ಇದೆಯಾ ಅಂತ ಅಮ್ಮನಿಗೆ ಫೋನಿನಲ್ಲಿ ಕೇಳೋ ಧೈರ್ಯ ಇನ್ನೂ ಬಂದಿಲ್ಲ.