ಸಂತೆಯಲ್ಲಿ ಮಲಗಿದವನ ಗಂಟು

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.’ ಈ ಗಾದೆಯನ್ನು ನಮ್ಮ ಹಿರಿಯರು ಎರಡು ದನಿಯಲ್ಲಿ ಹೇಳುತ್ತಾರೆ. ದಿಂಬಿಗೆ ತಲೆ ಕೊಟ್ಟೊಡನೆ ಗೊರಕೆ ಹೊಡೆಯುವವನನ್ನು ಕಂಡು, ‘ಪುಣ್ಯವಂತ ಬಿಡಪ್ಪಾ’ ಎಂಬ ಅಸೂಯೆಯಲ್ಲಿ ಒಮ್ಮೆ. ನಾಳೆ ಪರೀಕ್ಷೆಯಿದ್ದರೂ ಮುಸುಕೆಳೆದು ಮಲಗಿದ ಮಗನನ್ನು ಕಂಡು, ‘ಇವನಿಗೆ ಜವಾಬ್ದಾರಿಯೇ ಇಲ್ಲ’ ಎಂಬ ಸಿಟ್ಟಿನಲ್ಲಿ ಇನ್ನೊಮ್ಮೆ. ಎರಡು ಸಲವೂ ನಮ್ಮ ಕಣ್ಣು ಮಲಗಿದವನ ಮೇಲೆಯೇ. ಅದೇ ಸಂತೆಯಲ್ಲಿ ಕಣ್ಣು ಕೆಂಪಗಾಗಿ ಕೂತವನ ಬಗ್ಗೆ ಗಾದೆ ಬಾಯಿ ಬಿಡುವುದಿಲ್ಲ. ಅವನ ಕಡೆಯಿಂದ ಓದಿದರೆ ಇದೇ ಮಾತು ಬೇರೊಂದು ದಾರಿ ತೋರಿಸುತ್ತದೆ.

ಮೊದಲು ಅವನು ಕೂತ ಸಂತೆಯನ್ನೇ ನೋಡೋಣ. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಹಿಲಿಂಗ್ಡನ್ ಎಂಬ ಆಡಳಿತ ವಿಭಾಗದಲ್ಲಿ, ಹೇಸ್ ಎಂಬ ಊರಿದೆ. ಹಳೆಯ ರೆಕಾರ್ಡುಗಳ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತ ನಾಯಿಯ ಚಿತ್ರವನ್ನು ಕಂಡವರಿಗೆ ಈ ಊರಿನ ಪರಿಚಯ ಗೊತ್ತಿಲ್ಲದೆಯೇ ಆಗಿದೆ. ಆ ಗ್ರಾಮಾಫೋನ್ ಕಂಪನಿಯ ಕಾರ್ಖಾನೆ 1907ರಲ್ಲಿ ನೆಲೆಯೂರಿದ್ದು ಇಲ್ಲಿ. ಕಾರ್ಖಾನೆಗಳು ಹೋದವು, ಸದ್ದು ಹೋಗಲಿಲ್ಲ. ದಕ್ಷಿಣಕ್ಕೆ ಎಂ4 ಹೆದ್ದಾರಿ, ಅದರಾಚೆ ಹೀಥ್ರೂ ವಿಮಾನ ನಿಲ್ದಾಣ, ಊರ ನಡುವೆ ಪಶ್ಚಿಮದ ಮುಖ್ಯ ರೈಲು ಮಾರ್ಗ. ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಆರರವರೆಗೆ ಹೀಥ್ರೂಗೆ ವಿಮಾನಗಳ ಮಿತಿಯಿದೆ. ಆ ಮಿತಿಯೂ ವರ್ಷಕ್ಕೆ 5,800 ಹಾರಾಟ. ಇದೇ ವಿಭಾಗದ ಅಕ್ಸ್‌ಬ್ರಿಜ್‌ನಲ್ಲಿ ಬ್ರೂನೆಲ್ ವಿಶ್ವವಿದ್ಯಾಲಯವಿದೆ. ಹೇಸ್‌ನಿಂದ ಆರೇಳು ಕಿಲೋಮೀಟರ್, 427ನೇ ನಂಬರಿನ ಬಸ್ಸು ಅತ್ತಲೇ ಹೋಗುತ್ತದೆ. 2022ರಿಂದ ಎಲಿಜಬೆತ್ ಲೈನ್ ರೈಲಿನಲ್ಲಿ ನಗರದ ಒಡಲಿಗೂ ನೇರವಾಗಿ ಹೋಗಬಹುದು. ಹೀಗಾಗಿ ಓದಲು ಬಂದವರು ಹೇಸ್‌ನಲ್ಲೋ ಪಕ್ಕದ ಸೌತಾಲ್‌ನಲ್ಲೋ ಒಂದು ಕೋಣೆ ಹಿಡಿಯುತ್ತಾರೆ. ಅವರಲ್ಲಿ ದಾವಣಗೆರೆಯ, ಹಾಸನದ, ಬೆಂಗಳೂರಿನ ಮಕ್ಕಳೂ ಇರುತ್ತಾರೆ.

ಆದರೆ ಇವರ ನಿಜವಾದ ಸಂತೆ ಕಿಟಕಿಯ ಹೊರಗಿಲ್ಲ. ಚಳಿಗಾಲದಲ್ಲಿ ಲಂಡನ್ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಹಾಸನದಲ್ಲಿ ಅಮ್ಮ ಬೆಳಿಗ್ಗೆ ಆರಕ್ಕೆ ಕಾಫಿ ಲೋಟ ಹಿಡಿದು ಫೋನ್ ಮಾಡಿದರೆ ಹೇಸ್‌ನಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ‘ಯಾಕೋ ಮುಖ ಸೊರಗಿದೆಯಲ್ಲೋ?’ ‘ಏನಿಲ್ಲಮ್ಮ, ಚೆನ್ನಾಗಿದ್ದೀನಿ, ಅಸೈನ್‌ಮೆಂಟ್ ಬರೀತಿದ್ದೆ.’ ಆ ಮಾತು ಮುಗಿದ ಮೇಲೆ ಅವನ ತಲೆಯೊಳಗೆ ಕೂಗಾಟ ಶುರು. ವಿದ್ಯಾರ್ಥಿ ವೀಸಾದಲ್ಲಿ ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಬಾಡಿಗೆಗೆ ಅದು ಸಾಲದು. ಕೊಳ್ಳುವ ಪ್ರತಿ ಸಾಮಾನನ್ನೂ ರೂಪಾಯಿಗೆ ಗುಣಿಸುವ ಅಭ್ಯಾಸ ಬಿಟ್ಟಿಲ್ಲ. ಓದು ಮುಗಿದ ಮೇಲೆ ಕೆಲಸ ಸಿಗುತ್ತದೋ ಇಲ್ಲವೋ. ಸಿಗದಿದ್ದರೆ ಊರಿನ ಬ್ಯಾಂಕಿನ ಸಾಲ? ಡಿಸೆಂಬರಿನಲ್ಲಿ ಸೂರ್ಯ ಎಂಟರ ಹೊತ್ತಿಗೆ ಮೂಡಿ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ವರ್ಷವಿಡೀ ಹೆಚ್ಚುಕಡಿಮೆ ಹನ್ನೆರಡು ಗಂಟೆ ಬೆಳಕಿನಲ್ಲಿ ಬೆಳೆದ ದೇಹಕ್ಕೆ ಎಂಟು ಗಂಟೆಯೂ ಪೂರ್ತಿ ಸಿಗದ ಹಗಲು.

ಇಂಥವನಿಗೆ ‘ಚಿಂತೆ ಬಿಡು, ನಿದ್ದೆ ಬರುತ್ತದೆ’ ಎಂದರೆ ಅದು ಗಾದೆಯ ಮಾತನ್ನೇ ಆಜ್ಞೆ ಮಾಡಿದಂತೆ. ಯಾರ ಚಿಂತೆಯೂ ಆಜ್ಞೆಗೆ ಬಗ್ಗಿದ್ದಿಲ್ಲ. ಗಾದೆ ಚಿಂತೆಯಿಂದ ನಿದ್ದೆಗೆ ಗೆರೆ ಎಳೆಯುತ್ತದೆ. ಎಚ್ಚರವಾಗಿ ಕೂತವನು ಆ ಗೆರೆಯನ್ನು ಇನ್ನೊಂದು ತುದಿಯಿಂದ ಹಿಡಿಯಬೇಕು. ಚಿಂತೆ ಅವನ ಕೈಯಲ್ಲಿಲ್ಲ, ಮೈ ಅವನ ಕೈಯಲ್ಲಿದೆ.

ನಿದ್ದೆ ದೇಹದಲ್ಲಿ ಲೆಕ್ಕವಿಟ್ಟು ಬರುತ್ತದೆ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತಾ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಸಂಜೆಯ ಕಾಫಿಯಲ್ಲಿನ ಕೆಫೀನ್ ಅದೇ ವಸ್ತುವಿನ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಒಳಗಿನ ಗಡಿಯಾರ ಸರಿಹೊಂದುತ್ತದೆ. ಮಧ್ಯಾಹ್ನದವರೆಗೆ ಪರದೆ ಎಳೆದು ಮಲಗಿ, ಸಂಜೆ ಮತ್ತೆರಡು ಲೋಟ ಕಾಫಿ ಕುಡಿದು, ರಾತ್ರಿ ಲ್ಯಾಪ್‌ಟಾಪಿನ ಮುಂದೆ ಕೂತವನ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ಮರೆತಿರುತ್ತದೆ. ಅವನು ಮನಸ್ಸನ್ನು ಬೈದುಕೊಳ್ಳುತ್ತಾನೆ. ಮೈಗೆ ದಣಿವೇ ಕೊಟ್ಟಿಲ್ಲ ಎಂಬುದು ಹೊಳೆಯುವುದಿಲ್ಲ.

ದೇಹದ ಚಲನೆಯನ್ನು ವಿಜ್ಞಾನ ಗಂಭೀರವಾಗಿ ಲೆಕ್ಕ ಹಾಕತೊಡಗಿದ್ದು ಲಂಡನ್ನಿನ ಬಸ್ಸುಗಳಲ್ಲೇ. ಜೆರ‍್ರಿ ಮಾರಿಸ್ ಎಂಬ ವೈದ್ಯ 1953ರಲ್ಲಿ ಇಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ಬರೆದರು. ದಿನವಿಡೀ ಕೂತ ಚಾಲಕರಿಗಿಂತ, ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಅದು ಹೃದಯದ ಮಾತಾಯಿತು. ಮನಸ್ಸಿನ ಲೆಕ್ಕ ಬರಲು ಇನ್ನೂ ಕೆಲವು ದಶಕ ಬೇಕಾಯಿತು. ಬ್ರಿಟಿಷ್ ಮೆಡಿಕಲ್ ಜರ್ನಲ್ 2024ರಲ್ಲಿ ಪ್ರಕಟಿಸಿದ ಸಮೀಕ್ಷೆ 218 ಅಧ್ಯಯನಗಳನ್ನು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿತು. ಖಿನ್ನತೆಯ ಮೇಲೆ ನಡಿಗೆ-ಓಟ, ಯೋಗ, ಭಾರ ಎತ್ತುವ ವ್ಯಾಯಾಮ ಮೂರೂ ಪರಿಣಾಮ ಬೀರಿದ್ದವು. ಶ್ರಮ ಹೆಚ್ಚಿದಂತೆ ಫಲವೂ ಹೆಚ್ಚಿತ್ತು. ನಡುವೆ ಬಿಟ್ಟು ಹೋಗದೆ ಉಳಿದವರು ಯೋಗದಲ್ಲೂ ಭಾರ ಎತ್ತುವುದರಲ್ಲೂ ಹೆಚ್ಚು. ಸಾಕ್ಷ್ಯ ಎಲ್ಲ ಕಡೆಯೂ ಒಂದೇ ಸಮ ಗಟ್ಟಿಯಿಲ್ಲ ಎಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ. ಆದರೂ ದಿಕ್ಕು ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಬಿರುಸಾಗುವಷ್ಟು ಚಲನೆ, ಎರಡು ದಿನ ಸ್ನಾಯುಗಳಿಗೆ ಕೆಲಸ.

ಹೇಸ್‌ನಲ್ಲಿ ಇದಕ್ಕೆ ಜಿಮ್ಮಿನ ಚಂದಾ ಬೇಕಿಲ್ಲ. ಊರಿನ ನಡುವೆಯೇ ಗ್ರ್ಯಾಂಡ್ ಯೂನಿಯನ್ ಕಾಲುವೆ ಹರಿಯುತ್ತದೆ. ಅದರ ದಂಡೆಯ ದಾರಿ ವೆಸ್ಟ್ ಡ್ರೇಟನ್ ಮೇಲೆ ಬಳಸಿ, ಏರಿಳಿತವಿಲ್ಲದೆ, ಬ್ರೂನೆಲ್‌ನ ಪಕ್ಕದ ಕೌಲಿಯವರೆಗೆ ಹೋಗುತ್ತದೆ. ವಾರದಲ್ಲಿ ಎರಡು ದಿನ ಬಸ್ಸು ಬಿಟ್ಟು ಆ ದಾರಿ ಹಿಡಿದರೆ ಬೆಳಕು, ನಡಿಗೆ, ಉಳಿತಾಯ ಮೂರೂ ಒಟ್ಟಿಗೆ ಸಿಗುತ್ತವೆ. ಕೋಣೆಯೊಳಗೆ ಮಾಡುವವರಿಗೆ ನಮ್ಮ ಗರಡಿಯ ದಂಡ, ಬಸ್ಕಿ ಇವೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ಕಲಿಸಿದರು. ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು. ‘ಓದುವ ಹುಡುಗನಿಗೆ ಕಸರತ್ತು ಯಾಕೆ’ ಎನ್ನುವವರಿಗೆ ಆ ಒಂದು ಬದುಕೇ ಸಾಕಷ್ಟು ಉತ್ತರ.

ಯೋಗವನ್ನು ಇಂಗ್ಲೆಂಡಿನ ಸಾಮಾನ್ಯ ಜನರ ಸಂಜೆಯ ತರಗತಿಗೆ ತಂದವರೂ ನಮ್ಮ ನೆಲದವರೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಬಾಲ್ಯವೆಲ್ಲ ಕಾಯಿಲೆಯಲ್ಲೇ ಕಳೆಯಿತು. 1934ರಲ್ಲಿ ಮೈಸೂರಿಗೆ, ಭಾವ ಕೃಷ್ಣಮಾಚಾರ್ಯರ ಬಳಿಗೆ ಬಂದಾಗ ಅವರಿಗಿದ್ದದ್ದು ಒಂದು ಬಡಕಲು ದೇಹ, ಅಷ್ಟೆ. ಪಿಟೀಲು ವಾದಕ ಯೆಹುದಿ ಮೆನುಹಿನ್ ಕರೆಸಿಕೊಂಡದ್ದರಿಂದ 1954ರಲ್ಲಿ ಅವರು ಲಂಡನ್ನಿಗೆ ಬಂದರು. 1960ರ ದಶಕ ಮುಗಿಯುವ ಹೊತ್ತಿಗೆ ಒಳ ಲಂಡನ್ನಿನ ಶಿಕ್ಷಣಾಡಳಿತವೇ ವಯಸ್ಕರ ತರಗತಿಗಳಲ್ಲಿ ಅವರ ಪದ್ಧತಿಗೆ ಜಾಗ ಕೊಡತೊಡಗಿತು. ಆದರೆ ಒಂದು ಷರತ್ತು: ಆಸನ, ಪ್ರಾಣಾಯಾಮ ಇರಲಿ, ಅಧ್ಯಾತ್ಮ ಬೇಡ. ಆ ಷರತ್ತನ್ನು ಕೆಲವರು ಅವಮಾನವೆಂದು ನೋಡುತ್ತಾರೆ. ನಿದ್ದೆಗೆಟ್ಟ ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಅದು ಅನುಕೂಲವೇ. ಮೋಕ್ಷದ ಮಾತು ಆಮೇಲೆ ಬರಲಿ. ಸದ್ಯಕ್ಕೆ ಹೆಗಲು ಸಡಿಲವಾಗಿ ಉಸಿರು ಉದ್ದವಾದರೆ ಸಾಕು.

ಇನ್ನು ಚಿಂತೆ. ಮೈ ದಣಿದರೂ ತಲೆಯೊಳಗಿನ ಕೂಗು ನಿಲ್ಲದ ರಾತ್ರಿಗಳಿರುತ್ತವೆ. ಸಂತೆ ಎಂದೊಡನೆ ಕನ್ನಡಿಗರಿಗೆ ಅಕ್ಕಮಹಾದೇವಿಯ ವಚನ ನೆನಪಾಗದಿರದು. ಸಂತೆಯಲ್ಲಿ ಮನೆ ಮಾಡಿದ ಮೇಲೆ ಸದ್ದಿಗೆ ನಾಚಿದರೆ ಹೇಗೆ ಎಂಬ ಆಕೆಯ ಪ್ರಶ್ನೆ ಗಾದೆಗಿಂತ ಮುಂದೆ ಹೋಗುತ್ತದೆ. ಗಾದೆ ಚಿಂತೆಯಿಲ್ಲದವನನ್ನು ತೋರಿಸಿ ಸುಮ್ಮನಾಗುತ್ತದೆ. ಅಕ್ಕ ಸದ್ದಿನ ನಡುವೆಯೇ ಸಮಾಧಾನದಿಂದಿರುವುದನ್ನು ಕಲಿಯಬೇಕಾದ ಕೆಲಸವೆಂದು ತಿಳಿಯುತ್ತಾಳೆ. ಧ್ಯಾನವೆಂದರೆ ಅದೇ ಕೆಲಸ. ಸಂತೆಯಲ್ಲಿ ಕೂತವನಿಗೆ ಎಲ್ಲ ವ್ಯಾಪಾರಿಗಳ ಕೂಗೂ ಕೇಳುತ್ತದೆ, ಆದರೆ ಕೂಗಿದ್ದನ್ನೆಲ್ಲ ಕೊಳ್ಳಬೇಕಾಗಿಲ್ಲ. ‘ಫೇಲಾಗುತ್ತೀಯ’ ಎಂಬ ಕೂಗು ಬಂತು. ಬಂತೆಂದು ತಿಳಿದು ಮತ್ತೆ ಉಸಿರಿಗೆ ಮರಳುವುದು. ‘ಅಪ್ಪನ ದುಡ್ಡು ಹಾಳು ಮಾಡಿದೆ’ ಎಂಬುದು ಬಂತು, ಮತ್ತೆ ಮರಳುವುದು. ಮನಸ್ಸು ಖಾಲಿಯಾಗಬೇಕೆಂದು ಹಟ ಹಿಡಿದವರು ಮೂರೇ ದಿನಕ್ಕೆ ‘ನನಗಾಗದು’ ಎಂದು ಎದ್ದುಬಿಡುತ್ತಾರೆ. ಅಭ್ಯಾಸ ಇರುವುದು ಖಾಲಿಯಾಗುವುದರಲ್ಲಲ್ಲ, ಮರಳುವುದರಲ್ಲಿ.

ಇದಕ್ಕೆ ವಿಶ್ವವಿದ್ಯಾಲಯದ್ದೇ ಸಾಕ್ಷ್ಯವಿದೆ. ಕೇಂಬ್ರಿಜ್‌ನಲ್ಲಿ 616 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರ ಸಾವಧಾನದ ಧ್ಯಾನ ಕಲಿಸಿದರು. ಪರೀಕ್ಷೆಯ ದಿನಗಳಲ್ಲಿ ಕಲಿತವರ ಮಾನಸಿಕ ಸಂಕಟ ಇನ್ನೊಂದು ಗುಂಪಿಗಿಂತ ಕಡಿಮೆಯಿತ್ತು. ಆದರೆ ಇದೇ ದೇಶದ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ, ಧ್ಯಾನದ ಪಾಠದಿಂದ ವಿಶೇಷ ಪ್ರಯೋಜನ ಕಾಣಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಕೇಂಬ್ರಿಜ್‌ನವರು ತಾವಾಗಿಯೇ ಬಯಸಿ ಬಂದವರು. ಶಾಲೆಯ ಮಕ್ಕಳನ್ನು ತರಗತಿಯಲ್ಲಿ ಕೂರಿಸಲಾಗಿತ್ತು. ಧ್ಯಾನವನ್ನು ಹೇರಲಾಗದು ಎಂದು ಇದರಿಂದ ನಾನು ತಿಳಿಯುತ್ತೇನೆ. ಕಣ್ಣು ಮುಚ್ಚಿ ಕೂತಷ್ಟೂ ಹಳೆಯ ನೋವು ಮೇಲೆದ್ದು ಬರುವವರೂ ಇದ್ದಾರೆ. ಅವರು ಮೊದಲು ನಡೆಯಲಿ, ಕೂರುವುದನ್ನು ಬಲ್ಲವರ ಜೊತೆಯಲ್ಲಿ ಕಲಿಯಲಿ.

ಇಲ್ಲಿಗೆ ವ್ಯಾಖ್ಯಾನ ನಿಲ್ಲಿಸಿದರೆ ಅದು ಅನುಕೂಲಸ್ಥರ ವ್ಯಾಖ್ಯಾನವಾಗುತ್ತದೆ. ಬಾಡಿಗೆ ಬಾಕಿಯಿರುವವನಿಗೆ ‘ಉಸಿರನ್ನು ಗಮನಿಸು’ ಎನ್ನುವುದು ಕ್ರೌರ್ಯ. ಎಲ್ಲ ಚಿಂತೆಯೂ ಮನಸ್ಸಿನ ಆಟವಲ್ಲ, ಕೆಲವು ಬರೀ ಜಮಾಖರ್ಚು. ಇಲ್ಲೇ ಗಾದೆಯನ್ನು ಮತ್ತೊಮ್ಮೆ ನೋಡಬೇಕು. ಸಂತೆ ಎಂದರೆ ಕಳ್ಳರೂ ಇರುವ ಜಾಗ. ಅಲ್ಲಿ ಹಾಡುಹಗಲೇ ಕಾಲು ಚಾಚಿ ಮಲಗುವ ಧೈರ್ಯ ಯಾರಿಗಿರುತ್ತದೆ? ಕೈಯಲ್ಲಿ ಏನೂ ಇಲ್ಲದವನಿಗೆ. ಇಲ್ಲವೇ, ‘ಸ್ವಲ್ಪ ನೋಡ್ಕೊಳಪ್ಪಾ’ ಎಂದು ಗಂಟನ್ನು ಪಕ್ಕದವನಿಗೆ ಒಪ್ಪಿಸಿ ಬಂದವನಿಗೆ. ಆ ನಿಶ್ಚಿಂತೆ ಅವನೊಬ್ಬನ ಸಾಧನೆಯಲ್ಲ, ಅದರಲ್ಲಿ ಪಕ್ಕದವನದೂ ಪಾಲಿದೆ. ಗಾದೆ ಆ ಪಕ್ಕದವನನ್ನು ಹೆಸರಿಸದಿರುವುದು, ಅಂಥವನು ಇದ್ದೇ ಇರುತ್ತಾನೆ ಎಂದು ಹಳ್ಳಿ ನಂಬಿದ್ದರಿಂದ.

ಹೇಸ್‌ನ ಕೋಣೆಯಲ್ಲಿ ಆ ಪಕ್ಕದವನನ್ನು ಹುಡುಕಿಕೊಳ್ಳಬೇಕು. ವಿದ್ಯಾರ್ಥಿ ವೀಸಾ ಪಡೆಯುವಾಗಲೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಹಾಗಿದ್ದೂ ‘ನನಗೇನಾಗಿದೆ’ ಎಂದು ಜಿಪಿ ಎಂಬ ಸ್ಥಳೀಯ ವೈದ್ಯರ ಬಳಿ ಹೆಸರನ್ನೇ ನೋಂದಾಯಿಸದ ಮಕ್ಕಳಿದ್ದಾರೆ. ಬಂದ ಮೊದಲ ವಾರವೇ ಆ ಕೆಲಸ ಮುಗಿಸಬೇಕು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಮಾತುಚಿಕಿತ್ಸೆಗೆ ವೈದ್ಯರ ಚೀಟಿಯೂ ಬೇಡ, ತಾವೇ ಅರ್ಜಿ ಹಾಕಬಹುದು. ಬದುಕೇ ಬೇಡವೆನ್ನಿಸುವ ರಾತ್ರಿಯಲ್ಲಿ ವ್ಯಾಯಾಮವೂ ಧ್ಯಾನವೂ ಮದ್ದಲ್ಲ. 111ಕ್ಕೆ ಕರೆ ಮಾಡಿ 2 ಒತ್ತಬೇಕು, ಇಲ್ಲವೇ ಸಮಾರಿಟನ್ಸ್‌ನ ಸಹಾಯವಾಣಿ 116 123ಕ್ಕೆ. ಭಾರತದಲ್ಲಿರುವವರಿಗೆ ಟೆಲಿ-ಮಾನಸ್‌ನ 14416. ಉಳಿದ ದಿನಗಳ ಒಡನಾಟಕ್ಕೆ ಪಾರ್ಕ್‌ರನ್ ಇದೆ. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಹದಿಮೂರು ಜನ ಓಡಿ ಶುರುವಾದದ್ದು ಈಗ ಆಸ್ಟರ್ಲಿ, ನಾರ್ಥಾಲಾ ಫೀಲ್ಡ್ಸ್‌ನಂಥ ಹತ್ತಿರದ ಜಾಗಗಳಲ್ಲೂ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಡೆಯುತ್ತದೆ. ಐದು ಕಿಲೋಮೀಟರ್, ದುಡ್ಡಿಲ್ಲ, ನಡೆದರೂ ಆದೀತು. ಎರಡು ವಾರ ಕಾಣದಿದ್ದರೆ ‘ಎಲ್ಲಿ ಹೋಗಿದ್ದೆ?’ ಎಂದು ಕೇಳುವವರು ಇಂಥ ಜಾಗಗಳಲ್ಲಿ ಸಿಗುತ್ತಾರೆ.

ದಂಡ ಹೊಡೆಯುವುದು, ಉಸಿರಿಗೆ ಮರಳುವುದು ಹುಡುಗ ಹುಡುಗಿಯರು ತಾವೇ ಮಾಡಬೇಕಾದ ಕೆಲಸಗಳು. ಗಂಟು ನೋಡಿಕೊಳ್ಳುವುದು ನಮ್ಮ ಪಾಲಿನದು. ಇಲ್ಲಿ ನೆಲೆನಿಂತ ಕನ್ನಡ ಕುಟುಂಬಗಳು ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡಲು ಮಾತ್ರ ವಿದ್ಯಾರ್ಥಿಗಳನ್ನು ಕರೆಯದೆ, ಭಾನುವಾರ ಕಾಲುವೆ ದಂಡೆಯ ನಡಿಗೆಗೂ ಆಮೇಲಿನ ಊಟಕ್ಕೂ ಕರೆಯಲಿ. ಊರಿನ ತಂದೆತಾಯಂದಿರು ಫೋನಿನ ಹೊತ್ತನ್ನು ಬದಲಿಸಿ, ಅಂಕದ ವಿಚಾರಕ್ಕೆ ಮೊದಲು ನಿದ್ದೆಯ ವಿಚಾರ ಕೇಳಲಿ. ಸಾಲದ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡುವುದೂ ಬೇಡ, ಅವರ ತಲೆಗೇ ಕಟ್ಟುವುದೂ ಬೇಡ. ‘ಒಂದು ವರ್ಷ ತಡವಾದರೂ ನೋಡಿಕೊಳ್ಳೋಣ ಬಿಡು’ ಎಂಬ ಮಾತನ್ನು ಅಪ್ಪ ಬಾಯಿಬಿಟ್ಟು ಹೇಳಬೇಕು. ಅಷ್ಟನ್ನೂ ಹೇಳದವರಿಗೆ, ನಿದ್ದೆ ಬಾರದ ಮಗನ ಮುಂದೆ ಈ ಗಾದೆ ಹೇಳುವ ಹಕ್ಕಿಲ್ಲ.