ಯಾರ ಸಬ್ಬತ್ ದಿನ?

ಒಬ್ಬನು ತನ್ನ ಮನಸ್ಸಾಕ್ಷಿಯು ಕೇಳದ ಆಚಾರವನ್ನು ಬೇರೆಯವರ ಅಪ್ಪಣೆಯಿಂದ ಕೈಕೊಂಡರೆ ಅದಕ್ಕೆ ಭಕ್ತಿಯೆಂಬ ಹೆಸರು ಸಲ್ಲುವದೋ? ಇದನ್ನು ಆಲೋಚಿಸುವದಕ್ಕೆ, 1900ನೆಯ ಇಸವಿಯಲ್ಲಿ ಪ್ಯಾರಿಸ್ ಪಟ್ಟಣದ ಒಲಿಂಪಿಕ್ ಪಂದ್ಯಗಳಲ್ಲಿ ನಡೆದ ಒಂದು ಸಂಗತಿಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ಮೈಯರ್ ಪ್ರಿನ್‌ಸ್ಟೈನ್ ಎಂಬವನು ಪೋಲೆಂಡ್ ಸೀಮೆಯಲ್ಲಿ 1878ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೇರಿಕಾ ದೇಶವನ್ನು ಸೇರಿದ ಯೆಹೂದ್ಯನು. ಓಡಿಬಂದು ಉದ್ದಕ್ಕೆ ನೆಗೆಯುವದರಲ್ಲಿ ಅವನಿಗೆ ಸಮಾನರು ಆ ಕಾಲದಲ್ಲಿ ವಿರಳ. ಅವನು ಕಲಿಯುತ್ತಿದ್ದ ಸಿರಾಕ್ಯೂಸ್ ವಿಶ್ವವಿದ್ಯಾಲಯವು ಮೆಥೊಡಿಸ್ಟ್ ಸಭೆಯವರು ಸ್ಥಾಪಿಸಿದ್ದು. ಜುಲೈ 14, ಶನಿವಾರ, ಮೊದಲಿನ ಸುತ್ತಿನಲ್ಲಿ ಅವನು 7.175 ಮೀಟರು ನೆಗೆದು ಎಲ್ಲರಿಗಿಂತ ಮುಂದಾದನು. ಕಡೆಯ ಸುತ್ತು ಮಾರಣೆಯ ಆದಿತ್ಯವಾರಕ್ಕೆ ನೇಮಕವಾಗಿತ್ತು. ಕರ್ತನ ದಿನದಲ್ಲಿ ಪಂದ್ಯಕ್ಕೆ ನಿಲ್ಲಕೂಡದೆಂದು ವಿದ್ಯಾಲಯದವರು ಅಪ್ಪಣೆಮಾಡಲು ಅವನು ಒಳಪಟ್ಟನು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ವಿನ್ ಕ್ರೆನ್ಜ್‌ಲೈನನೂ ಆ ದಿನ ನೆಗೆಯುವದಿಲ್ಲವೆಂದು ಒಪ್ಪಿದ್ದನೆಂದು ಹೇಳುತ್ತಾರೆ. ಆದರೆ ಅವನು ಆದಿತ್ಯವಾರ ಬಂದು 7.185 ಮೀಟರು ನೆಗೆದನು. ಶನಿವಾರದ ನೆಗೆತವೂ ಲೆಕ್ಕಕ್ಕೆ ಬರುತ್ತಿತ್ತಾದಕಾರಣ ಪ್ರಿನ್‌ಸ್ಟೈನನಿಗೆ ಎರಡನೆಯ ಸ್ಥಾನ ದೊರೆಯಿತು. ಅಂತರವು ಒಂದು ಸೆಂಟಿಮೀಟರು, ಬೆರಳಿನ ಅಗಲಕ್ಕಿಂತಲೂ ಕಡಿಮೆ! ಅವನು ಕೋಪಗೊಂಡು ಕ್ರೆನ್ಜ್‌ಲೈನನನ್ನು ಗುದ್ದಿದನೆಂದು ಕೆಲವರೂ, ಗುದ್ದುವಷ್ಟರಲ್ಲಿ ಜನರು ಹಿಡಿದರೆಂದು ಕೆಲವರೂ ಬರೆದಿದ್ದಾರೆ. ಸೋಮವಾರ ಮೂರು ನೆಗೆತದ ಪಂದ್ಯದಲ್ಲಿ ಅವನೇ 14.47 ಮೀಟರು ನೆಗೆದು ಗೆದ್ದನು.

ಇಲ್ಲಿ ಒಂದು ವಿಷಯವನ್ನು ನೋಡಿರಿ. ಯೆಹೂದ್ಯರ ಸಬ್ಬತ್ ಶನಿವಾರವಲ್ಲವೇ? ತನ್ನ ಪಿತೃಗಳು ಪರಿಶುದ್ಧವೆಂದೆಣಿಸಿದ ದಿನದಲ್ಲಿ ಅವನು ನೆಗೆದದ್ದಕ್ಕೆ ವಿದ್ಯಾಲಯವು ಅಡ್ಡಿಮಾಡಲಿಲ್ಲ. ಅವರಿಗೆ ಸಾಮಾನ್ಯವಾಗಿದ್ದ ದಿನದಲ್ಲಿ ತಡೆಯಿತು. ಹೀಗಿರಲಾಗಿ ಅವನು ಕಾಪಾಡಿದ್ದು ತನ್ನನ್ನು ಕಳುಹಿಸಿದವರ ಮಾತನ್ನೇ. ಅಂಥ ವಿಧೇಯತ್ವವನ್ನು ನಾವು ಹಗುರವಾಗಿ ಎಣಿಸಲಾರೆವು. ಚಿನ್ನದ ಬಿರುದು ಕೈಗೆಟಕುವಷ್ಟು ಸಮೀಪವಿದ್ದಾಗ ಮಾತಿಗೆ ನಿಲ್ಲುವವರು ಎಷ್ಟು ಮಂದಿ?

ಅಪ್ಪಣೆಕೊಟ್ಟವರ ಸಂಗತಿ ಬೇರೆ. ಪೌಲನು ರೋಮಾಪುರದವರಿಗೆ ಬರೆಯುವಾಗ ದಿನಗಳ ವಿಷಯದಲ್ಲಿ ಪ್ರತಿಯೊಬ್ಬನ ಸ್ವಂತ ನಿಶ್ಚಯವನ್ನು ಕೇಳಿದನಷ್ಟೆ. ಇವರೋ ಭಕ್ತಿಯ ಹೆಸರನ್ನು ತಮಗಿಟ್ಟುಕೊಂಡು ನಷ್ಟವನ್ನು ಯೆಹೂದ್ಯನ ಹೆಗಲಿಗೆ ಹೊರಿಸಿದರು. ಆದಿತ್ಯವಾರವನ್ನು ಪ್ರೀತಿಸುವ ನಮಗೆ ಇದನ್ನು ಬರೆಯುವದು ಸುಲಭವಲ್ಲ. 1924ರಲ್ಲಿ ಅದೇ ಪ್ಯಾರಿಸಿನಲ್ಲಿ ಎರಿಕ್ ಲಿಡೆಲನು ಆದಿತ್ಯವಾರದ 100 ಮೀಟರು ಓಟವನ್ನು ಬಿಟ್ಟನು. ಆ ನಷ್ಟವನ್ನು ಅವನೇ ಆರಿಸಿಕೊಂಡಿದ್ದನು. ಆರಿಸಿಕೊಂಡವನು ನೆರೆಯವನ ಗೆಲವನ್ನು ಕಂಡು ದುಃಖಪಟ್ಟರೂ ತಾನು ಬಿಟ್ಟದ್ದು ವ್ಯರ್ಥವಾಯಿತೆನ್ನನು. ಪರರ ನಿಶ್ಚಯಕ್ಕಾಗಿ ಬಿಟ್ಟವನಿಗೆ ಆ ಆದರಣೆ ಎಲ್ಲಿಂದ ಬರಬೇಕು? ಪ್ರಿನ್‌ಸ್ಟೈನನ ಕೋಪದಲ್ಲಿ ಅವನ ವಿದ್ಯಾಲಯಕ್ಕೂ ಪಾಲುಂಟೆಂದು ನಮ್ಮ ಅಭಿಪ್ರಾಯ.

1904ರಲ್ಲಿ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಅವನು ಒಂದೇ ದಿನ ಎರಡು ಪಂದ್ಯಗಳನ್ನೂ ಗೆದ್ದನು. ಉದ್ದ ನೆಗೆತವು 7.34 ಮೀಟರು. ಕ್ರೆನ್ಜ್‌ಲೈನನು ಅಷ್ಟರೊಳಗೆ ಪಂದ್ಯಗಳನ್ನು ಬಿಟ್ಟಿದ್ದನು.