ಸುಧಾರಣೆಯ ಮಾತು ಮತ್ತು ಸತ್ಯಾಣುವ್ರತ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಆಚಾರ್ಯ ಉಮಾಸ್ವಾಮಿಗಳು ಮೊದಲು ಎಣಿಸಿರುವುದು ಮಿಥ್ಯೋಪದೇಶವನ್ನು. ಕೂಟಲೇಖ, ನ್ಯಾಸಾಪಹಾರಗಳನ್ನು ವ್ಯಾಪಾರಿಯಾದ ಶ್ರಾವಕನು ಬೇಗ ಗುರುತಿಸುತ್ತಾನೆ. ಅವು ಲೆಕ್ಕದ ಪುಸ್ತಕದಲ್ಲಿ, ಪರರು ನಂಬಿ ಇಟ್ಟ ಹಣದಲ್ಲಿ ಕಣ್ಣಿಗೆ ಬೀಳುವಂಥವು. ಒಳ್ಳೆಯ ಕಾರ್ಯಕ್ಕೆ ಜನರ ಒಪ್ಪಿಗೆ ಪಡೆಯಲು ಆಡುವ ಅರ್ಧ ಮಾತು ಹಾಗೆ ಸಿಕ್ಕಿಬೀಳುವುದಿಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಚಂದಾ ಎತ್ತಿದವರಿಗೆ ಈ ಸಂಕಟದ ಅರಿವುಂಟು.

ವಾಣಿಜ್ಯ ತೆರಿಗೆಯ ಸುಧಾರಣೆಯಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ದೇಶದ ಕಿವಿಯಲ್ಲಿ ಮೊಳಗಿದ ಘೋಷಣೆ ‘ಒಂದು ರಾಷ್ಟ್ರ, ಒಂದು ತೆರಿಗೆ’. ಅದರಲ್ಲಿ ಸತ್ಯಾಂಶವಿತ್ತು. ಕೇಂದ್ರದ ಅಬಕಾರಿ ಸುಂಕ, ಸೇವಾ ತೆರಿಗೆ, ರಾಜ್ಯಗಳ ಮೌಲ್ಯವರ್ಧಿತ ತೆರಿಗೆ, ಪ್ರವೇಶ ತೆರಿಗೆಗಳು ಒಂದರಲ್ಲಿ ಲೀನವಾದವು. ಗಡಿಯ ತಪಾಸಣಾ ಠಾಣೆಗಳು ಹೋದವು. ಆದರೆ ದರಗಳು ಶೇಕಡಾ 5, 12, 18, 28 ಎಂದು ನಾಲ್ಕು. ಚಿನ್ನಕ್ಕೆ ಬೇರೆಯೇ 3. ಪೆಟ್ರೋಲು, ಡೀಸೆಲು, ಮದ್ಯಗಳು ಹೊರಗೇ ಉಳಿದವು. ಕೈಬರಹದ ಖಾತೆಯಲ್ಲೇ ಜೀವನ ಸಾಗಿಸಿದ್ದ ಸಣ್ಣ ಅಂಗಡಿಕಾರನು ಗಣಕಯಂತ್ರದಲ್ಲಿ ವಿವರ ಸಲ್ಲಿಸಲು ಬೇರೊಬ್ಬರಿಗೆ ಹಣ ತೆರಬೇಕಾಯಿತು. ಈ ಹೊರೆಗೆ ಘೋಷಣೆಯಲ್ಲಿ ಸ್ಥಳವಿರಲಿಲ್ಲ. ಮುಖ್ಯ ದರಗಳು 5 ಮತ್ತು 18 ಎಂಬ ಎರಡಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ.

ಹಾಗಾದರೆ ಆ ಘೋಷಣೆ ಅಸತ್ಯವೇ? ನಯವಾದವು ಇಲ್ಲಿ ಸೂಕ್ಷ್ಮವಾದ ಗೆರೆಯೊಂದನ್ನು ಎಳೆಯುತ್ತದೆ. ವಸ್ತುವಿನ ಒಂದು ಮುಖವನ್ನು ಹೇಳುವುದು ನಯ. ಉಳಿದ ಮುಖಗಳು ಇಲ್ಲವೆನ್ನುವುದು ದುರ್ನಯ. ಯಾವುದನ್ನು ಮೊದಲು ಹೇಳಬೇಕೆಂದು ಆರಿಸಿಕೊಳ್ಳುವುದು ವಿವೇಕವೇ ಸರಿ. ಆದರೆ ನಷ್ಟ ಹೊರುವವನಿಗೇ ನಷ್ಟದ ಸುದ್ದಿ ಮುಟ್ಟದಂತೆ ಮಾತನ್ನು ಹೊಂದಿಸಿದಾಗ ಅಲ್ಲಿ ಪ್ರಮತ್ತಯೋಗ ಸೇರುತ್ತದೆ. ಸುಧಾರಣೆಯ ಹಿತವು ಆ ದೋಷವನ್ನು ತೊಳೆಯಲಾರದು. ಹುಸಿ ಭಯ ಬಿತ್ತಿ ವಿರೋಧಿಸುವವರಿಗೂ ಇದೇ ಅಳತೆ.

ಎಲ್ಲವನ್ನೂ ಹೇಳಿದರೆ ಯಾವ ಸುಧಾರಣೆಯೂ ಸಾಗದು ಎಂಬ ಆಕ್ಷೇಪವುಂಟು. 2005ರ ಜನವರಿಯಲ್ಲಿ ರಾಜ್ಯಗಳ ಹಣಕಾಸು ಸಚಿವರ ಸಮಿತಿಯು ಮೌಲ್ಯವರ್ಧಿತ ತೆರಿಗೆಯನ್ನು ಕುರಿತು ಶ್ವೇತಪತ್ರ ಹೊರಡಿಸಿತು. ರಾಜ್ಯಗಳ ವರಮಾನ ಕುಗ್ಗಬಹುದೆಂಬುದನ್ನು ಆಗ ಮುಚ್ಚಿಡಲಿಲ್ಲ. ಮೊದಲ ವರ್ಷದ ನಷ್ಟದಲ್ಲಿ ಶೇಕಡಾ 100, ಎರಡನೆಯದರಲ್ಲಿ 75, ಮೂರನೆಯದರಲ್ಲಿ 50 ತುಂಬಿಕೊಡುವ ಲೆಕ್ಕವೇ ಎಲ್ಲರ ಮುಂದಿತ್ತು. ವರ್ತಕರು ಮುಷ್ಕರ ಹೂಡಿದರು. ಕರ್ನಾಟಕವು ಆ ಏಪ್ರಿಲ್ 1ರಿಂದಲೇ ಅದನ್ನು ಸ್ವೀಕರಿಸಿತು. ಒಪ್ಪದ ರಾಜ್ಯಗಳು ಕಾದು ನೋಡಿದವು: ತಮಿಳುನಾಡು 2007ರ ಜನವರಿಯಲ್ಲಿ ಸೇರಿತು, ಉತ್ತರ ಪ್ರದೇಶ 2008ರ ಜನವರಿಯಲ್ಲಿ.